ಪ್ರಶ್ನೆ: ಲಂಡನ್‌ನಿಂದ ಬಂದ ಅಪ್ಪಾಜಿಯನ್ನು ದಿನಾ ನಸುಕಿನ 6ಕ್ಕೆ ಎಬ್ಬಿಸಿ ವಾಕಿಂಗ್ ಕರೆದೊಯ್ಯುತ್ತಿದ್ದೇನೆ. ಆದರೂ ರಾತ್ರಿ 2 ಆದರೂ ನಿದ್ದೆ ಇಲ್ಲ, ಏನು ಮಾಡಲಿ?

ಉತ್ತರ: ನಸುಕಿನ 6ಕ್ಕೇ ಎಬ್ಬಿಸಿ ಕಲಬುರಗಿಯ ‘ಅಪ್ಪನ ಕೆರೆ’ ಕಡೆ ವಾಕಿಂಗ್ ಕರೆದೊಯ್ಯುತ್ತಿದ್ದೀರಲ್ಲ, ಬಹುಶಃ ಅದೇ ನಿದ್ದೆ ಕೆಡಿಸುತ್ತಿದೆ. ಅಲ್ಲಿನ ಬೇಸಿಗೆಯಲ್ಲಿ ಲಂಡನ್‌ಗೂ ನಮಗೂ ನಾಲ್ಕೂವರೆ ತಾಸು ಅಂತರ. ಅಲ್ಲಿ 7ಕ್ಕೆ ಏಳುತ್ತಿದ್ದವರ ದೇಹಕ್ಕೆ ನಮ್ಮ ಮುಂಜಾನೆ 9 ಅಂದರೆ ಇನ್ನೂ ನಾಲ್ಕೂವರೆ. ಅದಕ್ಕೂ ಮುಂಚೆ ಕಣ್ಣಿಗೆ ಬಿದ್ದ ಬೆಳಕು ದೇಹದ ಗಡಿಯಾರವನ್ನು ಹಿಂದಕ್ಕೆ ತಳ್ಳುತ್ತದೆ, ನಂತರದ್ದು ಮುಂದಕ್ಕೆ ಎಳೆಯುತ್ತದೆ. ನಿಮಗೆ ಬೇಕಾದದ್ದು ಎರಡನೆಯದು, ಅಂದರೆ ರಾತ್ರಿ ಬೇಗ ನಿದ್ದೆ ಬರುವಂತಾಗುವುದು.

ನಾಳೆ 9ರವರೆಗೆ ಪರದೆ ಇಳಿಸಿಡಿ. ಹೊರಗೆ ಹೋಗಲೇಬೇಕಾದರೆ ಕಪ್ಪು ಕನ್ನಡಕ. ಒಂಬತ್ತೂವರೆಯಿಂದ ಎರಡು ತಾಸು ಹೊರಗೆ ಕೂರಿಸಿ. ನಮ್ಮ ಕಲಬುರಗಿ ಬಿಸಿಲಲ್ಲಿ ಅಲ್ಲ ಮತ್ತೆ! ಬೇವಿನ ಮರದ ನೆರಳು, ಮನೆ ಮುಂದಿನ ಕಟ್ಟೆ ಸಾಕು; ಮನೆಯೊಳಗಿನ ಟ್ಯೂಬ್‌ಲೈಟಿಗಿಂತ ಆ ಬೆಳಕು ಎಷ್ಟೋ ಪಾಲು ಹೆಚ್ಚು. ಮರುದಿನ ಎಂಟೂವರೆ, ಆಮೇಲೆ ಏಳೂವರೆ, ಹೀಗೆ ದಿನಕ್ಕೊಂದು ತಾಸು ಬೇಗ ಹೊರಗೆ ಕೂರಿಸಿ. ನಾಲ್ಕೈದು ದಿನಕ್ಕೆ ಸರಿಹೋಗಬೇಕು, ವಯಸ್ಸಾದವರಿಗೆ ಒಂದೆರಡು ದಿನ ಹೆಚ್ಚೂ ಹಿಡಿದೀತು.

ಮಧ್ಯಾಹ್ನ ಊಟ ಆದಮೇಲೆ ಮಲಗಿದರೆ ಅರ್ಧ ತಾಸಿಗೆ ಎಬ್ಬಿಸಿ, 3ರ ನಂತರ ಮಲಗಲು ಬಿಡಬೇಡಿ. 2ರ ಮೇಲೆ ಚಾ ಬಂದ್. ರಾತ್ರಿ ರೊಟ್ಟಿ 8ರೊಳಗೆ, ಆಮೇಲೆ ಟಿವಿ-ಮೊಬೈಲ್ ಬೇಡ, ಮಂದ ದೀಪ ಇರಲಿ. ನಿದ್ದೆ ಬರದಿದ್ದರೂ ಹಾಸಿಗೆಯಲ್ಲಿ ಹೊರಳಾಡುವುದು ಬೇಡ, ಎದ್ದು ಕುರ್ಚಿ ಮೇಲೆ ಕೂರಲಿ.

ಮೆಲಟೋನಿನ್ (ನಿದ್ದೆಯ ಹಾರ್ಮೋನ್) ಗುಳಿಗೆಯನ್ನು ವೈದ್ಯರನ್ನು ಕೇಳದೆ ಕೊಡಬೇಡಿ, ರಕ್ತ ತೆಳುವಾಗಿಸುವ ಗುಳಿಗೆ ನಡೆದಿದ್ದರಂತೂ ಖಂಡಿತ ಬೇಡ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತಗೊಳ್ಳುತ್ತಿದ್ದರೆ ಹೊಸ ವೇಳೆಗೆ ಹೇಗೆ ಹೊಂದಿಸಬೇಕೆಂದು ಇವತ್ತೇ ಫೋನ್ ಮಾಡಿ ಕೇಳಿ.