ಪದಪ್ರಶ್ನೆ: ಬಚ್ಚಿಟ್ಟದ್ದು, ಎತ್ತಿಟ್ಟದ್ದು, ತೆಗೆದಿಟ್ಟದ್ದು

ಪ್ರಶ್ನೆ: ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಬಚ್ಚಿಡು, ಮುಚ್ಚಿಡು, ಅಡಗಿಸಿಡು ಮೂರಕ್ಕೂ ಮಕ್ಕಳು ಒಂದೇ ಅರ್ಥ ಬರೆಯುತ್ತಾರೆ. ಅಂಕ ಕಳೆಯಬಹುದೇ?
– ಓದುಗರು, ಕದ್ರಿ, ಮಂಗಳೂರು

ಉತ್ತರ: ಬರೀ ಅರ್ಥ ಕೇಳಿದ್ದರೆ ಕಳೆಯಬೇಡಿ. ಸ್ವಂತ ವಾಕ್ಯದಲ್ಲಿ ಬಳಸಿ ಎಂದಿದ್ದರೆ ಕಳೆಯಿರಿ, ವ್ಯತ್ಯಾಸ ಬಯಲಾಗುವುದು ಅಲ್ಲೇ.

ಮೂರರಲ್ಲೂ ಇರುವ ‘ಇಡು’ ಏನನ್ನೂ ಅಡಗಿಸುವುದಿಲ್ಲ. ವಸ್ತು ಹಾಗೆಯೇ ಉಳಿಯಿತು ಎಂದಷ್ಟೇ ಅದರ ಮಾತು. ಇಲ್ಲವಾದರೆ ‘ಬಿಚ್ಚಿಡು’, ‘ತೆರೆದಿಡು’ ಎಂದು ಹೇಳಲಾಗುತ್ತಿತ್ತೇ? ಅರ್ಥ ನಿಂತಿರುವುದು ಅದರ ಹಿಂದಿನ ಕ್ರಿಯಾಪದದ ಮೇಲೆ.

ಬಚ್ಚಿಡುವುದರಲ್ಲಿ ಉದ್ದೇಶವಿದೆ: ಇನ್ನೊಬ್ಬರ ಕೈಗೆ ಸಿಗಬಾರದು. ಚಕ್ಕುಲಿ ಡಬ್ಬವನ್ನು ಮಕ್ಕಳಿಗೆ ಕಾಣದಂತೆ ಅಕ್ಕಿ ಡ್ರಮ್ಮಿನ ಹಿಂದೆ ಸರಿಸಿದರೆ ಅದು ಬಚ್ಚಿಟ್ಟದ್ದು. ಇರುವೆ ಹತ್ತೀತೆಂದು ಮೇಲಿನ ಕಪಾಟಿಗೆ ಏರಿಸಿದರೆ ಎತ್ತಿಟ್ಟದ್ದು. ಮುಂಬೈಯಿಂದ ಬರುವ ಚಿಕ್ಕಮ್ಮನಿಗೆಂದು ಹತ್ತು ಚಕ್ಕುಲಿ ಬೇರೆ ಮಾಡಿದರೆ ತೆಗೆದಿಟ್ಟದ್ದು. ತರಗತಿಯಲ್ಲಿ ಈ ಒಂದೇ ಡಬ್ಬ ಸಾಕು.

‘ಮುಚ್ಚಿಡು’ ಸ್ವಲ್ಪ ಮೋಸದ ಪದ. ವಸ್ತುವಿನ ಜೊತೆ ಬಂದರೆ ಮುಚ್ಚಳ ಹಾಕುವುದು ಮಾತ್ರ: ‘ಸಾರು ಮುಚ್ಚಿಡು, ನೊಣ ಕೂರುತ್ತದೆ.’ ವಿಷಯದ ಜೊತೆ ಬಂದರೆ ಮರೆಮಾಚುವುದು: ‘ಸಾಲದ ಸಂಗತಿ ಮುಚ್ಚಿಟ್ಟರು.’ ಹಾಗಾಗಿ ‘ಅವಳು ಸರವನ್ನು ಮುಚ್ಚಿಟ್ಟಳು’ ಎಂದು ಬರೆದರೆ ಓದುವವನು ಬಟ್ಟೆ ಹೊದೆಸಿದಳೋ ಏನೋ ಎಂದುಕೊಳ್ಳುತ್ತಾನೆ. ‘ಬಚ್ಚಿಡು’ವಿಗೆ ಈ ತೊಂದರೆ ಇಲ್ಲ, ಸರವನ್ನೂ ಬಚ್ಚಿಡಬಹುದು, ಸತ್ಯವನ್ನೂ ಬಚ್ಚಿಡಬಹುದು.

‘ಅಡಗಿಸು’ ಒಂಟಿಯಾಗಿ ಬಂದಾಗ ಎಚ್ಚರ. ‘ದಂಗೆಯನ್ನು ಅಡಗಿಸಿದರು’ ಎಂದರೆ ಹತ್ತಿಕ್ಕಿದರು, ಸೊಕ್ಕಡಗಿಸುವುದೂ ಅದೇ ಜಾತಿ. ಬಚ್ಚಿಡುವ ಅರ್ಥ ಖಚಿತವಾಗಿ ಬೇಕಿದ್ದರೆ ‘ಇಡು’ ಸೇರಿಸಿ.

ಉತ್ತರ ಪತ್ರಿಕೆಯಲ್ಲೂ, ಕೆಲವೊಮ್ಮೆ ಪತ್ರಿಕೆಗಳ ಅಪರಾಧ ಸುದ್ದಿಯಲ್ಲೂ ಕಾಣುವ ತಪ್ಪು ‘ಕಳ್ಳ ಚಿನ್ನವನ್ನು ಅವಿತಿಟ್ಟಿದ್ದ’ ಎಂಬುದು. ಅವಿತುಕೊಳ್ಳುವವನು ಕಳ್ಳನೇ ಹೊರತು ಚಿನ್ನವನ್ನು ಯಾರೂ ‘ಅವಿಯಲು’ ಬಾರದು. ‘ಮರದ ಹಿಂದೆ ಅಡಗಿಸಿಕೊಂಡ’ ಎಂಬುದು ಇದರ ತಲೆಕೆಳಗು, ಅಲ್ಲಿ ‘ಅಡಗಿಕೊಂಡ’ ಆಗಬೇಕು. ಮಕ್ಕಳಿಗೆ ವ್ಯಾಕರಣದ ಹೆಸರು ಬೇಡ, ‘ಏನನ್ನು?’ ಎಂದು ಕೇಳಿಸಿ. ಉತ್ತರ ಇದ್ದರೆ ಅಡಗಿಸು, ಇಲ್ಲದಿದ್ದರೆ ಅಡಗು.

ಪ್ರಶ್ನೆ: ನಮ್ಮ ಸೊಸೆ ಪುತ್ತೂರು ಕಡೆಯ ಹವ್ಯಕರ ಮನೆಯವಳು. ಎಲ್ಲದಕ್ಕೂ ‘ಮಡುಗು’ ಅನ್ನುತ್ತಾಳೆ. ಇದು ಮಡಿ–ಮೈಲಿಗೆಗೆ ಸಂಬಂಧಿಸಿದ್ದೇ?
– ಓದುಗರು, ಬ್ರಹ್ಮಗಿರಿ, ಉಡುಪಿ

ಉತ್ತರ: ಏನೇನೂ ಸಂಬಂಧವಿಲ್ಲ. ‘ಮಡುಗು’ ಎಂದರೆ ಇಡು, ಅಷ್ಟೇ. ಮಂಡ್ಯ–ಮೈಸೂರು ಕಡೆಯ ಹಳ್ಳಿಗಳಲ್ಲೂ ‘ಮಡಗು’ ಇದೆ. ಬಚ್ಚಿಡಲು ಹವ್ಯಕ ಕನ್ನಡದಲ್ಲಿ ‘ಹುಗ್ಗುಸಿ ಮಡುಗು’ ಎನ್ನುತ್ತಾರೆ. ತುಳುವಿನಲ್ಲೂ ಪದಗಳ ರಚನೆ ಇದೇ: ‘ದೆತ್ತ್ ದೀಲ’ ಅಂದರೆ ತೆಗೆದಿಡು, ‘ದೆಂಗಾದ್ ದೀಲ’ ಅಂದರೆ ಅಡಗಿಸಿಡು. ಸೊಸೆಯ ಮಾತನ್ನು ತಿದ್ದಬೇಡಿ.

ಕುತೂಹಲ ಇದ್ದರೆ ಉಡುಪಿಯ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರ ಹೊರತಂದ ತುಳು ನಿಘಂಟಿನ ಆರು ಸಂಪುಟಗಳಿವೆ. ಕನ್ನಡಕ್ಕೆ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ಕೋಶ. ಯಾವ ಕೋಶದಲ್ಲೇ ಆಗಲಿ ‘ಬಚ್ಚಿಟ್ಟ’ ಎಂದು ಹುಡುಕಿ ಸಿಗಲಿಲ್ಲ ಎನ್ನಬೇಡಿ, ಮೂಲರೂಪ ‘ಬಚ್ಚು’ ನೋಡಿ.

ಪ್ರಶ್ನೆ: ಅಕ್ಕಿಯ ಮುಡಿ, ದೇವರ ಮುಡಿಪು – ಎರಡೂ ಒಂದೇ ಮೂಲದವೇ? ಒಂದು ಮುಡಿಗೆ ಎಷ್ಟು ಸೇರು?
– ಓದುಗರು, ಕುಂದಾಪುರ

ಉತ್ತರ: ಎರಡರಲ್ಲೂ ಇರುವುದು ಗಂಟು. ಹೆಂಗಸರ ಮುಡಿಯೂ ಅದೇ.

ಕರಾವಳಿಯ ಹಳೆಯ ಅಳತೆಯಲ್ಲಿ ಮುಡಿಗೆ 3 ಕಲಸೆ, ಕಲಸೆಗೆ 14 ಸೇರು, ಒಟ್ಟು 42 ಸೇರು. ಬೈಹುಲ್ಲನ್ನು ಬುಡಕ್ಕೆ ಹರಡಿ, ಅಕ್ಕಿ ಸುರಿದು, ಹುಲ್ಲನ್ನು ಮೇಲೆ ಒಟ್ಟುಗೂಡಿಸಿ, ಬಡಿದು ಉರುಟು ಮಾಡುತ್ತ ಹುಲ್ಲಿನ ಹಗ್ಗವನ್ನು ಸಂದಿಲ್ಲದಂತೆ ಸುತ್ತುತ್ತಾರೆ. ಬಿಗಿ ತಪ್ಪಿದರೆ ಒಳಗೆ ಗಾಳಿ, ಗಾಳಿಯ ಜೊತೆ ಆಟಿ ತಿಂಗಳ ಮಳೆಯ ತೇವ, ಆಮೇಲೆ ಹುಳು. ಅಕ್ಕಿ ಸರಿಯಾಗಿ ಒಣಗದಿದ್ದರೆ ಎಷ್ಟು ಬಿಗಿದರೂ ಮುಗ್ಗುತ್ತದೆ. ಅಡುಗೆಮನೆಯ ಹೊಗೆ ತಾಗುವ ಅಟ್ಟದಲ್ಲಿ ಇಡುತ್ತಿದ್ದುದು ಇದಕ್ಕೇ. ಹೀಗೆ ಸುತ್ತಿ ಬಿಗಿಯುವುದರಿಂದಲೇ ಮುಡಿಯನ್ನು ‘ಕಟ್ಟು’ತ್ತಾರೆ, ಕಣಜವನ್ನು ‘ತುಂಬು’ತ್ತಾರೆ. ‘ಮುಡಿ ತುಂಬಿದರು’ ಎಂದರೆ ನಿಮ್ಮೂರಿನ ಹಿರಿಯರು ನಕ್ಕಾರು. ಅಂಗಳದಲ್ಲಿ ಹುಲ್ಲಿನ ಹಗ್ಗ ಸುತ್ತಿ ಭತ್ತ ಕಾಪಿಡುವ ದೊಡ್ಡ ರಚನೆಗೆ ನಿಮ್ಮಲ್ಲಿ ‘ತಿರಿ’, ತುಳುವಿನಲ್ಲಿ ‘ತುಪ್ಪೆ’.

ಮುಡಿಪು ಹರಕೆಯ ಹಣದ ಗಂಟು. ಎಂಥ ಕಷ್ಟ ಬಂದರೂ ಬಿಚ್ಚಬಾರದು ಎಂಬ ಕಟ್ಟುಪಾಡು ಅದಕ್ಕಿದೆ. ‘ಜೀವನ ಮುಡಿಪಾಗಿಟ್ಟರು’ ಎಂಬ ಮಾತಿಗೆ ತೂಕ ಬಂದದ್ದು ಅಲ್ಲಿಂದ. ಆರು ತಿಂಗಳ ಕೆಲಸಕ್ಕೆ ಅದನ್ನು ಬಳಸುವ ಸನ್ಮಾನಪತ್ರಗಳ ಬಗ್ಗೆ ಏನು ಹೇಳೋಣ!

ಪ್ರಶ್ನೆ: ನಿವೃತ್ತಿಯ ಹಣ ‘ಇಡಿಗಂಟು’ ಸರಿಯೋ, ‘ಇಡುಗಂಟು’ ಸರಿಯೋ? ಪಿಗ್ಮಿಯನ್ನು ‘ಇಡುವುದೋ’ ‘ಕಟ್ಟುವುದೋ’?
– ಓದುಗರು, ಸುರತ್ಕಲ್

ಉತ್ತರ: ಒಂದೇ ಸಲಕ್ಕೆ ಇಡಿಯಾಗಿ ಕೈಗೆ ಬರುವುದು ಇಡಿಗಂಟು. ನಾವೇ ಕೂಡಿಸಿ ಇಟ್ಟದ್ದು ಇಡುಗಂಟು. ಬಂದ ಇಡಿಗಂಟನ್ನು ಖರ್ಚು ಮಾಡದೆ ಉಳಿಸಿದರೆ ಇಡುಗಂಟಾಗುತ್ತದೆ, ಗೊಂದಲ ಹುಟ್ಟುವುದೂ ಅಲ್ಲೇ.

ಪಿಗ್ಮಿ ಕಟ್ಟುವುದು, ಠೇವಣಿ ಇಡುವುದು. ಕಂತು, ಫೀಸು, ಬಿಲ್ಲುಗಳಂತೆ ಮತ್ತೆ ಮತ್ತೆ ಕೊಡುವುದಕ್ಕೆ ‘ಕಟ್ಟು’. 1928ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ ಪಿಗ್ಮಿ ಎಂಬ ದಿನದಿನದ ಉಳಿತಾಯ ಯೋಜನೆ ತಂದಾಗ ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಲ್ಲೇ ಪಡೆಯುತ್ತಿತ್ತು. ಅಂಥದ್ದನ್ನು ‘ಇಟ್ಟೆ’ ಎಂದರೆ ಕಿವಿಗೆ ಹಿಡಿಸದು.

ಇನ್ನೊಂದು, ನೀವು ಕೇಳದೇ ಇದ್ದದ್ದು. ‘ಬಂಗಾರ ಬ್ಯಾಂಕಿನಲ್ಲಿ ಇಟ್ಟಿದ್ದೇನೆ’ ಎಂದರೆ ನಮ್ಮೂರಲ್ಲಿ ಅಡವು ಇಟ್ಟು ಸಾಲ ತೆಗೆದಂತೆಯೂ ಆಗುತ್ತದೆ. ಮದುವೆ ಮಾತುಕತೆಯ ಹೊತ್ತಿನಲ್ಲಿ ‘ಲಾಕರಿನಲ್ಲಿ’ ಎಂದೇ ಹೇಳಿ.

ಪ್ರಶ್ನೆ: ‘ಮರಳು ಸಂಗ್ರಹ’, ‘ಮರಳು ದಾಸ್ತಾನು’ – ವರದಿಯಲ್ಲಿ ಯಾವುದು?
– ಓದುಗರು, ಬಂಟ್ವಾಳ

ಉತ್ತರ: ಹೊಳೆಯಿಂದ ತೆಗೆದು ತರುತ್ತಿದ್ದರೆ ಸಂಗ್ರಹ, ರಾಶಿ ಹಾಕಿ ಇಟ್ಟಿದ್ದರೆ ದಾಸ್ತಾನು. ದೇಣಿಗೆ, ತೆರಿಗೆಗಳಿಗೆ ಸಂಗ್ರಹ ಮಾತ್ರ. ‘ಕೂಡಿಹಾಕು’ ಬೇಡ, ಮನುಷ್ಯರನ್ನು ಕೋಣೆಯಲ್ಲಿ ಕೂಡಿಹಾಕಿದ ಸುದ್ದಿಗೆ ಅದು ಬೇಕಾಗುತ್ತದೆ.