ಹೆಸರಲ್ಲಿ ತಾರೀಖು ಹಾಕಿದ್ಮೇಲೆ ಡೇಟಾಬೇಸ್ ಕಾಣ್ತಿಲ್ಲ

ಪ್ರಶ್ನೆ: ಸರ್ ನಮಸ್ಕಾರ. ನಮ್ಮ ಮಹಿಳಾ ಸಂಘದ ಸದಸ್ಯರ ಪಟ್ಟಿ, ಉಳಿತಾಯದ ಲೆಕ್ಕ ಎಲ್ಲಾ ಒಂದು ಫ್ರೀ ಸಾಫ್ಟ್‌ವೇರಲ್ಲಿ ಇಟ್ಟಿದೀನಿ, ಎಸ್‌ಕ್ಯೂಲೈಟ್ ಡೇಟಾಬೇಸ್ ಅಂತೆ ಅದು. ಮಾರ್ಚ್ ಕೊನೇಲಿ 'ಸಂಘ 31.03.2025' ಅಂತ ಹೆಸರು ಕೊಟ್ಟು ಸೇವ್ ಮಾಡ್ದೆ, ಈಗ ಓಪನ್ ಮಾಡೋಕೆ ಹೋದ್ರೆ ಲಿಸ್ಟಲ್ಲೇ ಬರ್ತಿಲ್ಲ. ಮಗ ಹೆಸರಿನ ಕೊನೆಗೆ ಡಾಟ್ ಎಕ್ಸ್‌ಎಲ್‌ಎಸ್‌ಎಕ್ಸ್ ಸೇರಿಸಿ ನೋಡ್ದ, ಎಕ್ಸೆಲ್ ಫೈಲ್ ಸರಿ ಇಲ್ಲ ಅಂತು. ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡೀಲಿ ಕೇಳಿದ್ರೆ ಡೇಟಾ ರಿಕವರಿ ಮಾಡಿಸ್ಬೇಕು ಅಂದ್ರು. ಲೆಕ್ಕ ಎಲ್ಲಾ ಹೋಯ್ತಾ ಸರ್?
— ಓದುಗರು, ರಾಜಾಜಿನಗರ

ಉತ್ತರ: ಮೇಡಂ, ನೀವು ಹೇಳಿದ್ದನ್ನ ನೋಡಿದ್ರೆ ಲೆಕ್ಕ ಹೋಗಿರೋ ಲಕ್ಷಣ ಇಲ್ಲ, ರಿಕವರಿಗೆ ಈಗ್ಲೇ ದುಡ್ಡು ಕೊಡ್ಬೇಡಿ. ಸೇವ್ ಮಾಡುವಾಗ ಸುಮಾರು ಸಾಫ್ಟ್‌ವೇರ್‌ಗಳು ನೀವು ಟೈಪ್ ಮಾಡಿದ ಹೆಸರಲ್ಲಿ ಚುಕ್ಕಿ ಇದ್ಯಾ ಅಂತ ನೋಡ್ತವೆ, ಇಲ್ಲಾಂದ್ರೆ ತಾವೇ ಡಾಟ್ ಡಿಬಿ ಅಂತ ಸೇರಿಸ್ತವೆ, ಇದ್ರೆ ಕೊನೇ ಚುಕ್ಕಿ ಆದ್ಮೇಲೆ ಇರೋದೇ ಎಕ್ಸ್‌ಟೆನ್ಷನ್ (ಫೈಲ್ ಯಾವ ತರದ್ದು ಅಂತ ಹೇಳೋ ಹೆಸರಿನ ಬಾಲ) ಅಂದ್ಕೊಂಡು ಸುಮ್ನಾಗ್ತವೆ. ನಿಮ್ಮ ಹೆಸರಲ್ಲಿ ಕೊನೇ ಚುಕ್ಕಿ ಆದ್ಮೇಲೆ ಇರೋದು 2025! ಓಪನ್ ಮಾಡೋ ಕಿಟಕಿ ಡಾಟ್ ಡಿಬಿ, ಡಾಟ್ ಎಸ್‌ಕ್ಯೂಲೈಟ್ ಅಂತ ಇರೋದನ್ನ ಮಾತ್ರ ತೋರಿಸುತ್ತೆ, ಅದಕ್ಕೇ ನಿಮ್ಮ ಫೈಲ್ ಅಲ್ಲಿದ್ರೂ ಕಾಣ್ತಿಲ್ಲ. ಎಲ್ಲಾ ಸಾಫ್ಟ್‌ವೇರೂ ಹೀಗೇ ಅಂತಿಲ್ಲ, ಕೆಲವು ಏನೇ ಟೈಪ್ ಮಾಡಿದ್ರೂ ತಮ್ಮದನ್ನ ಸೇರಿಸೇ ಸೇರಿಸ್ತವೆ, ಕೆಲವು ಏನನ್ನೂ ಸೇರಿಸಲ್ಲ. ಲಿಬ್ರೆಆಫೀಸ್ ಅನ್ನೋ ಫ್ರೀ ಆಫೀಸ್ ಸಾಫ್ಟ್‌ವೇರಲ್ಲಿ ಎಕ್ಸ್‌ಟೆನ್ಷನ್ ತಾನೇ ಸೇರಿಸ್ಬೇಕಾ ಬೇಡ್ವಾ ಅಂತ ಆರಿಸೋಕೆ ಒಂದು ಟಿಕ್ ಬಾಕ್ಸ್ ಇರುತ್ತೆ.

ಎಸ್‌ಕ್ಯೂಲೈಟ್‌ಗಂತೂ ಎಕ್ಸ್‌ಟೆನ್ಷನ್ ಏನಿದ್ರೂ ಪರವಾಗಿಲ್ಲ. ಫೈಲಿನ ಮೊದಲ 16 ಬೈಟಲ್ಲಿ 'ಎಸ್‌ಕ್ಯೂಲೈಟ್ ಫಾರ್ಮ್ಯಾಟ್ 3' ಅಂತ ಇಂಗ್ಲಿಷಲ್ಲಿ ಬರ್ದಿರುತ್ತೆ, ಅದನ್ನ ನೋಡಿ ಅದು ಗುರುತು ಹಿಡಿಯುತ್ತೆ. ಫೈರ್‌ಫಾಕ್ಸ್ ತನ್ನ ಬುಕ್‌ಮಾರ್ಕ್, ಹಿಸ್ಟರಿ ಇಡೋದೂ ಎಸ್‌ಕ್ಯೂಲೈಟಲ್ಲೇ, ಅಲ್ಲಿ ಡಾಟ್ ಎಸ್‌ಕ್ಯೂಲೈಟ್ ಅಂತಿರುತ್ತೆ, ಬೇರೆ ಕಡೆ ಡಾಟ್ ಡಿಬಿ3 ಅಂತಲೂ ನೋಡಬಹುದು. ಮೈಕ್ರೋಸಾಫ್ಟ್ ಆಕ್ಸೆಸ್ ಅನ್ನೋ ಇನ್ನೊಂದು ಡೇಟಾಬೇಸ್ ಸಾಫ್ಟ್‌ವೇರಿನ ದಾರಿ ಬೇರೆ, 2003ರ ತನಕ ಡಾಟ್ ಎಂಡಿಬಿ, 2007ರಿಂದ ಡಾಟ್ ಎಸಿಸಿಡಿಬಿ, ಅಲ್ಲಿ ಹೆಸರಿನ ಜೊತೆ ಒಳಗಿನ ಫಾರ್ಮ್ಯಾಟೂ ಬದಲಾಯ್ತು. ಅದಕ್ಕೇ ಹೇಳೋದು, ಡಾಟ್ ಎಕ್ಸ್‌ಎಲ್‌ಎಸ್‌ಎಕ್ಸ್ ಅಂತ ಬರೆದ ಮಾತ್ರಕ್ಕೆ ಡೇಟಾಬೇಸ್ ಎಕ್ಸೆಲ್ ಆಗಲ್ಲ, ಎಕ್ಸೆಲ್ ಬೈದಿದ್ದಕ್ಕೆ ಫೈಲ್ ಹಾಳಾಯ್ತು ಅಂತ ಹೆದರಬೇಕಾಗೂ ಇಲ್ಲ.

ಈಗ ಮೊದಲು ಆ ಇಡೀ ಫೋಲ್ಡರನ್ನ ಪೆನ್‌ಡ್ರೈವಿಗೆ ಕಾಪಿ ಮಾಡಿ. ಆಮೇಲೆ ವಿಂಡೋಸ್ 11 ಆದ್ರೆ ಫೋಲ್ಡರ್ ಮೇಲಿರೋ ವ್ಯೂ, ಅದರಲ್ಲಿ ಶೋ, ಅದರಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಅನ್ನೋದಕ್ಕೆ ಟಿಕ್ ಹಾಕಿ, ಯಾಕಂದ್ರೆ ವಿಂಡೋಸ್ ತನಗೆ ಗೊತ್ತಿರೋ ಎಕ್ಸ್‌ಟೆನ್ಷನನ್ನ ಮುಚ್ಚಿಡುತ್ತೆ, ಮಗ ಹಾಕಿದ ಬಾಲ ನಿಮಗೆ ಕಾಣದೇ ಇರಬಹುದು. ಅದನ್ನ ಅಳಿಸಿ ಹೆಸರನ್ನ ಮೊದಲಿದ್ದ ಹಾಗೇ ಮಾಡಿ. ಹೆಸರು ವಾಪಸ್ ಮಾಡೋದನ್ನ ದಯವಿಟ್ಟು ಬಿಡ್ಬೇಡಿ, ಅದಕ್ಕೆ ಕಾರಣ ಇದೆ. ಪಕ್ಕದಲ್ಲಿ ಅದೇ ಹೆಸರಿನ ಕೊನೆಗೆ ಅಡ್ಡಗೆರೆ (-) ಹಾಕಿ ವಾಲ್ (wal) ಅಥವಾ ಜರ್ನಲ್ (journal) ಅಂತ ಇಂಗ್ಲಿಷಲ್ಲಿ ಇರೋ ಇನ್ನೊಂದು ಫೈಲ್ ಇರಬಹುದು, ವಾಲ್ ಇದ್ರೆ ನೀವು ಕೊನೇಲಿ ಮಾಡಿದ ಎಂಟ್ರಿಗಳು ಅದರೊಳಗೇ ಇರೋ ಸಾಧ್ಯತೆ ಉಂಟು, ಜರ್ನಲ್ ಇದ್ರೆ ಅರ್ಧಕ್ಕೆ ನಿಂತ ಬದಲಾವಣೆಯನ್ನ ಸರಿ ಮಾಡೋದು ಅದೇ. ಎರಡನ್ನೂ ಎಸ್‌ಕ್ಯೂಲೈಟ್ ಹುಡುಕೋದು ಹೆಸರಿಂದಲೇ, ಇಲ್ಲಿ ಮಾತ್ರ ಹೆಸರು ಬಹಳ ಮುಖ್ಯ, ಮೇನ್ ಫೈಲ್ ಹೆಸರು ಬದಲಾದ್ರೆ ಜೋಡಿ ತಪ್ಪಿಹೋಗುತ್ತೆ. ಕೆಲಸಕ್ಕೆ ಬಾರದ ಫೈಲ್ ಅಂತ ಅದನ್ನ ಡಿಲೀಟಂತೂ ಮಾಡ್ಲೇಬೇಡಿ.

ಆಮೇಲೆ ಸಾಫ್ಟ್‌ವೇರಲ್ಲಿ ಓಪನ್ ಒತ್ತಿ, ಕೆಳಗಿನ ಪಟ್ಟಿಯಲ್ಲಿ ಆಲ್ ಫೈಲ್ಸ್ ಆರಿಸಿ, ನಿಮ್ಮ ಫೈಲ್ ಕಾಣುತ್ತೆ. ಓಪನ್ ಆಗಿ ಲೆಕ್ಕ ಎಲ್ಲಾ ಇದೆ ಅಂತ ನೋಡ್ಕೊಂಡು ಸರಿಯಾಗಿ ಕ್ಲೋಸ್ ಮಾಡಿ, ಪಕ್ಕದ ಫೈಲ್ ಹೋಗಿದ್ಮೇಲೆ 'ಸಂಘ-2025-03-31' ಅಂತ ಬರ್ದು ಕೊನೆಗೆ ಡಾಟ್ ಡಿಬಿ ನೀವೇ ಹಾಕಿ. ತಾರೀಖಿಗೆ ಚುಕ್ಕಿ ಬದಲು ಅಡ್ಡಗೆರೆ, ವರ್ಷ ಮೊದಲು ಬಂದ್ರೆ ಫೈಲ್‌ಗಳು ತಾರೀಖಿನ ಕ್ರಮದಲ್ಲೇ ಕೂರ್ತವೆ.

ಪ್ರಶ್ನೆ: ಹಳೇ ಎಕ್ಸ್‌ಪಿ ಕಂಪ್ಯೂಟರಿನ ಫೋಟೋ ಫೋಲ್ಡರಲ್ಲಿ ಥಂಬ್ಸ್ ಡಾಟ್ ಡಿಬಿ ಅಂತ ಇದೆ. ಅದನ್ನೂ ಎಸ್‌ಕ್ಯೂಲೈಟಲ್ಲಿ ಓಪನ್ ಮಾಡಬಹುದಾ?
— ಓದುಗರು, ಬನಶಂಕರಿ

ಉತ್ತರ: ಆಗಲ್ಲ. ಅದು ಫೋಟೋಗಳ ಪುಟ್ಟ ಚಿತ್ರಗಳನ್ನ ಬೇಗ ತೋರಿಸೋಕೆ ವಿಂಡೋಸ್ ಮಾಡ್ಕೊಂಡಿರೋ ಫೈಲ್, ಡಾಟ್ ಡಿಬಿ ಅಂತಿದ್ರೂ ಒಳಗಿನ ಫಾರ್ಮ್ಯಾಟೇ ಬೇರೆ. ಡಿಲೀಟ್ ಮಾಡಿದ್ರೂ ನಿಮ್ಮ ಫೋಟೋಗಳಿಗೆ ಏನೂ ಆಗಲ್ಲ.