ಓದು, ಸಂಶೋಧನೆಯಿಂದ ಬೋರ್‌ವೆಲ್ ನೀರು ಉಳಿಯುತ್ತಾ?

ಸುಮ್ನೆ ವರದಿ ಬರೆದರೆ ಉಳಿಯಲ್ಲ. ಅಳೆಯೋದನ್ನು ರೈತರೇ ಕಲಿತರೆ ಉಳಿಯುತ್ತೆ ಅನ್ನೋಕೆ ಪಕ್ಕದ ಆಂಧ್ರದ ಅನಂತಪುರ, ಚಿತ್ತೂರು, ಕಡಪ ಕಡೆ ನಡೆದ ಕೆಲಸವೇ ಸಾಕ್ಷಿ. 2000ದ ದಶಕದಲ್ಲಿ, ಅವಿಭಜಿತ ಆಂಧ್ರದ ಏಳು ಬರದ ಜಿಲ್ಲೆಗಳಲ್ಲಿ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ಇದು ನಡೆಯಿತು.

ಪಾಠ ಅಂದರೆ ಕ್ಲಾಸ್‌ರೂಮ್ ಅಲ್ಲ. ಊರಿನವರೇ ಮಳೆ ಅಳೆದರು, ಬಾವಿಯೊಳಗೆ ಟೇಪ್ ಇಳಿಬಿಟ್ಟು ನೀರಿನ ಮಟ್ಟ ನೋಡಿದರು, ಅದನ್ನು ಎಲ್ಲರಿಗೂ ಕಾಣುವ ಹಾಗೆ ಗೋಡೆ ಮೇಲೆ ಬರೆದರು.

ಪಂಪಿನ ಲೆಕ್ಕ ನೀವೂ ಮಾಡಬಹುದು. 20 ಲೀಟರ್ ಬಕೆಟ್ 10 ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ 2 ಲೀಟರ್. 7 ಗಂಟೆ ಕರೆಂಟ್ ಇದ್ದರೆ ದಿನಕ್ಕೆ ಸುಮಾರು 50,000 ಲೀಟರ್. ಒಂದು ಎಕರೆಯಲ್ಲಿ 1 ಮಿಲಿಮೀಟರ್ ನೀರು ನಿಲ್ಲಲು ಸುಮಾರು 4,000 ಲೀಟರ್ ಬೇಕು, ಭತ್ತಕ್ಕೋ ಒಂದು ಬೆಳೆಗೆ ಸಾವಿರ ಮಿಲಿಮೀಟರ್‌ಗಿಂತ ಜಾಸ್ತಿಯೇ ಹಿಡಿಯುತ್ತೆ. ಈಗ ಗುಣಿಸಿ ನೋಡಿ, ತಲೆ ತಿರುಗುತ್ತೆ ಅಲ್ವಾ?

ಹಿಂಗಾರಿಗೆ ಮೊದಲು ಊರವರು ಕೂತು ನೀರು ಎಷ್ಟಿದೆ, ಬೆಳೆಗೆ ಎಷ್ಟು ಬೇಕು ಅಂತ ಬಜೆಟ್ ಹಾಕುತ್ತಿದ್ದರು. ಭತ್ತ ಬೆಳೆಯಬೇಡ ಅಂತ ಯಾರೂ ಯಾರಿಗೂ ಹೇಳಲಿಲ್ಲ, ದಂಡವೂ ಇಲ್ಲ, ಆದರೂ ಲೆಕ್ಕ ಕಣ್ಣೆದುರಿಗೆ ಇದ್ದಾಗ ಬಹಳ ಜನ ತಾವಾಗಿಯೇ ಕಡಿಮೆ ನೀರಿನ ಬೆಳೆಗೆ ಹೋದರು. ನನಗೆ ಇಷ್ಟವಾಗಿದ್ದು ಇದೇ.

ಕರ್ನಾಟಕವೂ ಸೇರಿ ಏಳು ರಾಜ್ಯಗಳಿಗೆ ಬಂದ, ಅಂತರ್ಜಲ ಉಳಿಸುವ ಕೇಂದ್ರ ಸರ್ಕಾರದ ಅಟಲ್ ಭೂಜಲ ಯೋಜನೆಯಲ್ಲೂ ಪಂಚಾಯಿತಿ ಮಟ್ಟದ ನೀರಿನ ಬಜೆಟ್ ಇತ್ತು. ನಿಮ್ಮ ಪಂಚಾಯಿತಿ ಅದರಲ್ಲಿತ್ತಾ ಅಂತ ಕೇಳಿ ನೋಡಿ.